ವೃದ್ಧಾಶ್ರಮದ ರಾತ್ರಿ ಪಾಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 81 ವರ್ಷದ ನಮ್ಮ ತಾಯಿಯನ್ನು ಮೈಸೂರಿನ ಒಂದು ಖಾಸಗಿ ವೃದ್ಧಾಶ್ರಮದಲ್ಲಿ ಇರಿಸಿದ್ದೇವೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ಕೊಡುತ್ತಾರೆ, ಮರೆವೂ ಹೆಚ್ಚಾಗಿದೆ. ಈಚೆಗೆ ಒಂದು ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ನಮಗೆ ತಿಳಿಸಿದ್ದು ಮೂರನೆಯ ದಿನ. ಆಮೇಲಿನಿಂದ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿ ಮಂಚಕ್ಕೆ ಕಟ್ಟುತ್ತಾರೆ, ನಿದ್ರೆ ಮಾತ್ರೆಯನ್ನೂ ಕೊಡುತ್ತಾರೆ. ಕೇಳಿದರೆ, “ಮತ್ತೆ ಬಿದ್ದರೆ ಯಾರು ಹೊಣೆ ಮೇಡಂ? ಇದೆಲ್ಲ ಅವರ ಒಳ್ಳೆಯದಕ್ಕೇ” ಎನ್ನುತ್ತಾರೆ. ಇದು ಸರಿಯೇ? ಅಮ್ಮನನ್ನು ಬೇರೆಡೆಗೆ ಕರೆದೊಯ್ಯಬೇಕೇ?
— ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮ ತಾಯಿ ಬಿದ್ದರು ಎಂಬ ಒಂದೇ ಕಾರಣಕ್ಕೆ ಆ ಸಂಸ್ಥೆಯನ್ನು ನಾನು ದೂರುವುದಿಲ್ಲ. ಎಂಬತ್ತು ದಾಟಿದವರು ಚೆನ್ನಾಗಿ ನಡೆಯುವ ಆಶ್ರಮಗಳಲ್ಲೂ ಬೀಳುತ್ತಾರೆ, ಮಕ್ಕಳು ಪಕ್ಕದ ಕೋಣೆಯಲ್ಲೇ ಮಲಗಿರುವ ಮನೆಗಳಲ್ಲೂ ಬೀಳುತ್ತಾರೆ. ಸಂಸ್ಥೆಯ ಗುಣ ತಿಳಿಯುವುದು ಬಿದ್ದ ನಂತರ ಅದು ಏನು ಮಾಡಿತು ಎಂಬುದರಲ್ಲಿ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ ಸಂಗತಿಗಳು ಎರಡು: ಮೂರನೆಯ ದಿನ ತಿಳಿಸಿದ್ದು ಮತ್ತು ಕಟ್ಟಿಹಾಕುತ್ತಿರುವುದು.

ಮೊದಲು ಕಟ್ಟುವ ವಿಚಾರ. ಮರೆವಿರುವವರನ್ನು ಮಂಚಕ್ಕೆ ಕಟ್ಟಿದರೆ ಅವರಿಗೆ ಕಾರಣ ಅರ್ಥವಾಗುವುದಿಲ್ಲ. ಬಿಡಿಸಿಕೊಳ್ಳಲು ಹೆಣಗುತ್ತಾರೆ, ಬಟ್ಟೆಯಲ್ಲಿ ಸಿಕ್ಕಿಕೊಂಡು ಉಸಿರಿಗೇ ಅಪಾಯವಾಗಬಹುದು. ಹೊರಳಾಡಲು ಆಗದೆ ಬೆನ್ನಿನ ಕೆಳಭಾಗ ಮತ್ತು ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಶುರುವಾಗುತ್ತದೆ. ಕೆಲವು ವಾರಗಳಲ್ಲಿ ಕಾಲಿನ ಶಕ್ತಿ ಕುಂದಿ, ಮುಂದೆ ಎದ್ದು ನಿಂತಾಗ ಬೀಳುವ ಸಂಭವ ಮೊದಲಿಗಿಂತ ಹೆಚ್ಚುತ್ತದೆ. ನಿದ್ರೆ ಮಾತ್ರೆಯ ಕಥೆಯೂ ಇದೇ: ಅದರ ಮಂಪರು ಮರುದಿನ ಬೆಳಿಗ್ಗೆಯವರೆಗೂ ಉಳಿದು ಹೆಜ್ಜೆ ತೂಗಾಡುತ್ತದೆ, ಮರೆವಿನವರಲ್ಲಿ ಗೊಂದಲವನ್ನೂ ಹೆಚ್ಚಿಸುತ್ತದೆ. ಹೀಗಾಗಿ ಅವರು ಸುರಕ್ಷತೆಗೆಂದು ಮಾಡುತ್ತಿರುವ ಎರಡೂ ಕೆಲಸಗಳು ಮುಂದಿನ ಬೀಳುವಿಕೆಗೆ ದಾರಿ ಮಾಡುತ್ತಿವೆ. ಆ ಮಾತ್ರೆಯನ್ನು ಯಾವ ವೈದ್ಯರು, ಯಾವ ದಿನಾಂಕದಂದು, ಎಷ್ಟು ದಿನಕ್ಕೆ ಬರೆದುಕೊಟ್ಟಿದ್ದಾರೆ ಎಂದು ಚೀಟಿಯನ್ನೇ ಕೇಳಿ ನೋಡಿ. ಆದರೆ ನಡುವೆ ನೀವಾಗಿ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕಾಗುತ್ತದೆ.

ಕಾನೂನಿನ ಮಾತು ಹೀಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 97ನೇ ಕಲಮಿನ ಪ್ರಕಾರ, ರೋಗಿಗೆ ಅಥವಾ ಇತರರಿಗೆ ಆ ಕ್ಷಣವೇ ಆಗಬಹುದಾದ ಹಾನಿಯನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯ ಮೇಲೆ, ಅಗತ್ಯವಿರುವಷ್ಟು ಹೊತ್ತು ಮಾತ್ರ ದೈಹಿಕ ನಿರ್ಬಂಧ, ಎಂದರೆ ಕಟ್ಟಿಹಾಕುವಂಥ ಕ್ರಮ, ಬಳಸಬಹುದು. ಶಿಕ್ಷೆಯಾಗಿ ಬಳಸುವಂತಿಲ್ಲ, ಸಿಬ್ಬಂದಿ ಕಡಿಮೆ ಇದ್ದಾರೆ ಎಂಬ ಕಾರಣಕ್ಕೂ ಬಳಸುವಂತಿಲ್ಲ. ಪ್ರತಿಸಲವೂ ಕಾರಣ, ವಿಧಾನ, ಅವಧಿಗಳನ್ನು ಬರೆದಿಡಬೇಕು ಮತ್ತು 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಬೇಕು. ನಮ್ಮದು ಆಸ್ಪತ್ರೆಯಲ್ಲ, ಬರೀ ವೃದ್ಧಾಶ್ರಮ ಎಂದು ಸಂಸ್ಥೆ ವಾದಿಸಬಹುದು. ಆಸ್ಪತ್ರೆಗೇ ಇಷ್ಟು ಬಿಗಿಯಾದ ಮಿತಿ ಇರುವಾಗ, ವೈದ್ಯರೇ ಇಲ್ಲದ ಕಡೆ ದಿನಾಲೂ ಕಟ್ಟುವ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನೀವು ಮುಂದಿಡಿ.

ಕಟ್ಟಬೇಡಿ ಎಂದಷ್ಟೇ ಹೇಳಿ ಬಂದರೆ ಸಾಲದು. ಅಂದು ರಾತ್ರಿ ಎಷ್ಟು ಗಂಟೆಗೆ ಬಿದ್ದರು, ದೀಪ ಉರಿಯುತ್ತಿತ್ತೇ, ನೆಲ ಒದ್ದೆಯಿತ್ತೇ, ಪಾಳಿಯಲ್ಲಿ ಯಾರಿದ್ದರು, ಮೊದಲು ನೋಡಿದವರು ಯಾರು ಎಂಬುದನ್ನು ಬರೆದಿದ್ದಾರೆಯೇ ನೋಡಿ. ಬಿದ್ದ ಕೂಡಲೇ ಸಕ್ಕರೆ ಪರೀಕ್ಷಿಸಿದರೇ ಎಂದು ತಪ್ಪದೆ ಕೇಳಿ. ಇನ್ಸುಲಿನ್ ಚುಚ್ಚಿದ ಮೇಲೆ ಊಟ ತಡವಾದರೆ ಅಥವಾ ಅವರು ಅರ್ಧಕ್ಕೇ ತಟ್ಟೆ ಸರಿಸಿದರೆ ಮಧ್ಯರಾತ್ರಿ ಸಕ್ಕರೆ ಇಳಿದು ತಲೆಸುತ್ತಿ ಬೀಳುವುದುಂಟು. ಮಲಗಿದ್ದಾಗ ಮತ್ತು ಎದ್ದು ನಿಂತಾಗ ರಕ್ತದೊತ್ತಡವನ್ನು ಬೇರೆ ಬೇರೆಯಾಗಿ ಅಳೆಸಿ. ಮರೆವು ಒಂದೆರಡು ದಿನಗಳಲ್ಲೇ ಏಕಾಏಕಿ ಹೆಚ್ಚಿತು ಎಂದರೆ ಮೂತ್ರದ ಸೋಂಕನ್ನೂ ಮೈಯಲ್ಲಿ ನೀರು ಕಡಿಮೆಯಾಗಿರುವುದನ್ನೂ ಶಂಕಿಸಬೇಕು. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದು ಕಡಿಮೆ, ಕೇಳಿದಾಗ ಕೊಡುತ್ತೇವೆ ಎಂದರೆ ಅವರು ಕೇಳುವುದೇ ಇಲ್ಲ. ತಗ್ಗಿನ ಮಂಚ, ಅದರ ಪಕ್ಕದಲ್ಲೇ ಕಮೋಡ್ ಕುರ್ಚಿ, ರಾತ್ರಿಯಿಡೀ ಸಣ್ಣ ದೀಪ, ಬಚ್ಚಲಿನ ಗೋಡೆಗೆ ಹಿಡಿಕೆ, ಅವರು ಸಾಮಾನ್ಯವಾಗಿ ಏಳುವ ಹೊತ್ತಿಗೆ ಸ್ವಲ್ಪ ಮುಂಚೆ ಆಯಾ ಒಮ್ಮೆ ಎಬ್ಬಿಸಿ ಕರೆದೊಯ್ಯುವುದು: ಇವು ಕಟ್ಟುವುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಇದಕ್ಕೆಲ್ಲ ರಾತ್ರಿ ಎಚ್ಚರವಿರುವ ಜನ ಬೇಕು. ಅಸಲು ಕೊರತೆ ಅಲ್ಲೇ ಇರಬಹುದು ಎಂಬುದು ನನ್ನ ಗುಮಾನಿ.

ಎರಡು ದಿನ ಸುದ್ದಿ ಮುಚ್ಚಿಟ್ಟದ್ದನ್ನು ಮಾತಿನಲ್ಲಿ ಮುಗಿಸಬೇಡಿ. ವ್ಯವಸ್ಥಾಪಕರಿಗೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಕಟ್ಟುವುದನ್ನು ಕೂಡಲೇ ನಿಲ್ಲಿಸಬೇಕು, ಏನೇ ಅವಘಡವಾದರೂ ಆ ಹೊತ್ತಿಗೇ ಫೋನ್ ಮಾಡಬೇಕು ಎಂದು ಅದರಲ್ಲಿರಲಿ. ಉತ್ತರ ಸರಿಯಿಲ್ಲದಿದ್ದರೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ದೂರು ಕೊಡಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ, ತುರ್ತಾದರೆ 112. ನೀವು ಹಣ ಕೊಟ್ಟು ಪಡೆಯುತ್ತಿರುವ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ಎರಡು ವರ್ಷದೊಳಗೆ ಹೋಗಬಹುದು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಇದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಅದು ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಪಡೆಯಲು ಮತ್ತು ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಮರಳಿ ಪಡೆಯಲು ಇರುವ ದಾರಿ, ಆಶ್ರಮದ ಆರೈಕೆಯ ದೂರಿಗೆ ಅಷ್ಟಾಗಿ ಒದಗುವುದಿಲ್ಲ.

ಕರೆದೊಯ್ಯುವ ವಿಚಾರದಲ್ಲಿ ಅವಸರ ಬೇಡ. ಮರೆವಿರುವವರಿಗೆ ಜಾಗ ಬದಲಾದರೆ ಗೊಂದಲ ಹೆಚ್ಚುತ್ತದೆ, ಹೊಸ ಜಾಗದ ಮೊದಲ ರಾತ್ರಿಗಳಲ್ಲೇ ಬೀಳುವ ಭಯವೂ ಹೆಚ್ಚು. ಆದರೆ ರಿಜಿಸ್ಟರ್ ತೋರಿಸಲು ಒಪ್ಪದಿದ್ದರೆ, ಪತ್ರ ಕೊಟ್ಟ ಮೇಲೂ ಕಟ್ಟುತ್ತಿದ್ದರೆ, ಅಥವಾ ಹೇಳಿಕೆಗೆ ಹೊಂದದ ಗಾಯಗಳು ಮೈಮೇಲೆ ಕಂಡರೆ ಕಾಯಬೇಡಿ.

ಪ್ರಶ್ನೆ: ನಿವೃತ್ತರಾದ ನಾವಿಬ್ಬರೂ ಮುಂದೆ ಮೈಸೂರಿನ ವೃದ್ಧಾಶ್ರಮವೊಂದಕ್ಕೆ ಸೇರಬೇಕೆಂದಿದ್ದೇವೆ. ಇಂಗ್ಲೆಂಡಿನಲ್ಲಿ ಇಂಥ ಸಂಸ್ಥೆಗಳಿಗೆ ಸರ್ಕಾರವೇ ದರ್ಜೆ ಕೊಡುತ್ತದೆ ಎಂದು ಅಲ್ಲಿರುವ ಮಗಳು ಹೇಳಿದಳು. ನಮ್ಮಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಮಗಳ ಮಾತು ನಿಜ. ಅಲ್ಲಿ 2009ರಿಂದ ಕೆಲಸ ಮಾಡುತ್ತಿರುವ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಆರೈಕೆ ಮನೆಗಳನ್ನು ತಪಾಸಣೆ ಮಾಡಿ, ಅತ್ಯುತ್ತಮದಿಂದ ಅಸಮರ್ಪಕದವರೆಗೆ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ. ಆ ದರ್ಜೆಯನ್ನು ಸಂಸ್ಥೆ ಬಂದವರಿಗೆಲ್ಲ ಕಾಣುವಂತೆ ಹಾಕಬೇಕು. ಅಷ್ಟಿದ್ದೂ ಅಲ್ಲಿ ದೂರುಗಳು ನಿಂತಿಲ್ಲ. ನಮ್ಮ 2007ರ ಕಾಯಿದೆ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಬಡ ಹಿರಿಯರಿಗೆ ಸಾಲುವ ವೃದ್ಧಾಶ್ರಮದ ಮಾತು ಆಡುತ್ತದೆಯೇ ಹೊರತು, ಹಣ ಕೊಟ್ಟು ಸೇರುವ ಮನೆಗಳಿಗೆ ಅಂಥ ದರ್ಜೆಯ ಫಲಕವನ್ನು ಕೊಡುವುದಿಲ್ಲ. ಹಾಗಾಗಿ ತಪಾಸಣೆ ನಿಮ್ಮದೇ.

ಹೂಕುಂಡ, ದೇವರ ಮನೆ, ಯೋಗದ ಹಾಲ್‌ಗಳನ್ನು ನೋಡಿ ಮಾರುಹೋಗಬೇಡಿ. ಹೇಳದೆ ಕೇಳದೆ ಸಂಜೆ ಏಳೂವರೆಗೆ, ಭಾನುವಾರ ಹೋಗಿ. ಬೆಲ್ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ, ಊಟ ಮಾಡಿಸುವಾಗ ಎಬ್ಬಿಸಿ ನೇರವಾಗಿ ಕೂರಿಸುತ್ತಾರೋ ಮಲಗಿದ್ದಂತೆಯೇ ಬಾಯಿಗೆ ಗಂಜಿ ಹಾಕುತ್ತಾರೋ ನೋಡಿ. ಮಲಗಿಸಿ ಉಣಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರಬಹುದು. ಹಾಸಿಗೆ ಹಿಡಿದವರ ಕೋಣೆಯನ್ನು ತೋರಿಸಿ ಎಂದು ಕೇಳಿ, ಏಕೆಂದರೆ ಇಂದು ಓಡಾಡುತ್ತಿರುವ ನೀವು ಹತ್ತು ವರ್ಷದ ಮೇಲೆ ಇರುವುದು ಅಲ್ಲಿ. ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ದಾಖಲೆ ಇದೆಯೇ, ತಿಂಗಳಿಗೊಮ್ಮೆ ಎಲ್ಲರ ತೂಕ ಬರೆದಿಡುತ್ತಾರೆಯೇ ವಿಚಾರಿಸಿ. ಒಂದೇ ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ, ಎಂದರೆ 50 ಕೆಜಿಯವರು ಎರಡೂವರೆ ಕೆಜಿ ಇಳಿದರೆ, ಅದು ವೈದ್ಯರು ನೋಡಬೇಕಾದ ಲಕ್ಷಣ; ತೂಕದ ಯಂತ್ರವೇ ಇಲ್ಲದ ಕಡೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕರಾರು ಪತ್ರವನ್ನು ಮನೆಗೆ ತಂದು ಓದಿ. ನೀವು ಹಾಸಿಗೆ ಹಿಡಿದರೆ ಇರಿಸಿಕೊಳ್ಳುತ್ತಾರೆಯೇ ಅಥವಾ “ಕರೆದುಕೊಂಡು ಹೋಗಿ” ಎನ್ನುತ್ತಾರೆಯೇ, ಠೇವಣಿ ಎಷ್ಟು ದಿನದಲ್ಲಿ ವಾಪಸು, ರಾತ್ರಿ ಆಸ್ಪತ್ರೆಗೆ ಒಯ್ಯುವ ವಾಹನ ಯಾರದು: ಇಷ್ಟು ಬರವಣಿಗೆಯಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.

ಪ್ರಶ್ನೆ: ನಾನು ವೃದ್ಧಾಶ್ರಮವೊಂದರಲ್ಲಿ ಆಯಾ. ರಾತ್ರಿ ಪಾಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನಕ್ಕೆ ನಾನೊಬ್ಬಳೇ. ಯಾರಾದರೂ ಬಿದ್ದರೆ ನನ್ನ ಸಂಬಳ ಹಿಡಿಯುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ, ಮಂಡ್ಯ

ಉತ್ತರ: ತಾಯಿ, ನಿಮ್ಮ ಪತ್ರವನ್ನು ಮೇಲಿನ ಎರಡೂ ಪತ್ರಗಳವರು ಓದಬೇಕು. ಬಿದ್ದದ್ದಕ್ಕೆ ಸಂಬಳ ಹಿಡಿದರೆ ಮುಂದಿನ ಸಲ ಬಿದ್ದದ್ದನ್ನು ಯಾರೂ ಹೇಳುವುದಿಲ್ಲ; ಮೂರನೆಯ ದಿನ ಸುದ್ದಿ ತಿಳಿಯುವುದಕ್ಕೆ ಇದೂ ಒಂದು ಕಾರಣ. ಪಾಳಿಗೆ ಬಂದಾಗ ಎಷ್ಟು ಜನ ಇದ್ದಾರೆ, ಹಾಸಿಗೆ ಹಿಡಿದವರೆಷ್ಟು, ನಿಮ್ಮ ಜೊತೆ ಯಾರಿದ್ದಾರೆ ಎಂದು ದಿನಾಂಕ ಮತ್ತು ಗಂಟೆಯ ಸಮೇತ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ, ಅದನ್ನೇ ನಿಮ್ಮದೊಂದು ನೋಟ್‌ಬುಕ್ಕಿನಲ್ಲೂ ಬರೆದಿಟ್ಟುಕೊಳ್ಳಿ. ಬಿದ್ದವರನ್ನು ಒಬ್ಬರೇ ಎತ್ತಲು ಹೋಗಬೇಡಿ. ಸೊಂಟದ ಮೂಳೆ ಮುರಿದಿದ್ದರೆ ಅವರಿಗೂ ಅಪಾಯ, ನಿಮ್ಮ ಬೆನ್ನಿಗೂ ಪೆಟ್ಟು. ತಲೆ ಕೆಳಗೆ ದಿಂಬಿಟ್ಟು, ಹೊದಿಸಿ, 108ಕ್ಕೂ ಮೇಲ್ವಿಚಾರಕರಿಗೂ ಕೂಡಲೇ ಫೋನ್ ಮಾಡಿ. ಸಂಬಳ ಹಿಡಿಯುವ ಬಗ್ಗೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲಿಯೇ ಇದೆ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಹೋಗುವಾಗ ಆ ನೋಟ್‌ಬುಕ್ ಮತ್ತು ಸಂಬಳದ ಚೀಟಿ ಅಥವಾ ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.