ಅತ್ತೆಗೆ ಹೇಳಲಾ, ಬೇಡವಾ?

ಪ್ರಶ್ನೆ: ನನಗೆ 32 ವರ್ಷ. ಮದುವೆಯಾಗಿ ನಾಲ್ಕು ವರ್ಷ. ಮೂರು ತಿಂಗಳ ಹಿಂದೆ ಮನೋವೈದ್ಯರು ನನಗೆ ಆಟಿಸಂ (ಜನರ ಜೊತೆ ಬೆರೆಯೋದು, ಸದ್ದು, ಬದಲಾವಣೆ ಕಷ್ಟವಾಗುವ ಸ್ಥಿತಿ), ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ಸ್ಥಿತಿ) ಎರಡೂ ಇದೆ ಅಂದರು. ಒಲೆ ಮೇಲೆ ಹಾಲಿಟ್ಟು ಮರೆಯುತ್ತೇನೆ. ನೆಂಟರು ಬಂದರೆ ಅರ್ಧ ಗಂಟೆಗೇ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಅತ್ತೆ ಇದನ್ನು ಸೊಕ್ಕು ಅನ್ನುತ್ತಾರೆ. ಹೇಳಿಬಿಡೋಣ ಅಂದರೆ ಪತಿ, 'ಅಮ್ಮ ಹುಚ್ಚು ಅಂದ್ಕೋತಾರೆ, ಬೇಡ' ಅನ್ನುತ್ತಾರೆ.

ಉತ್ತರ: ಹೇಳಿ. ನಾಲ್ಕು ವರ್ಷದಿಂದ ಅತ್ತೆ ಎಲ್ಲ ನೋಡಿದ್ದಾರೆ, ಯಾರೂ ಏನೂ ಹೇಳದ್ದಕ್ಕೆ ತಮಗೆ ತೋಚಿದ ಕಾರಣ ಕೊಟ್ಟುಕೊಂಡಿದ್ದಾರೆ. ಆದರೆ ಆ ಎರಡು ಹೆಸರುಗಳಿಂದ ಶುರು ಮಾಡಬೇಡಿ, ಹಾಲಿನಿಂದ ಶುರು ಮಾಡಿ. 'ಅತ್ತೆ, ನಾನು ಒಲೆ ಪಕ್ಕದಲ್ಲೇ ನಿಂತಿರ್ತೀನಿ, ಒಂದು ಫೋನ್ ಬಂದ್ರೆ ಸಾಕು, ಹಾಲಿಟ್ಟಿದ್ದೇ ತಲೆಯಿಂದ ಹೋಗಿಬಿಡುತ್ತೆ. ಕುಕ್ಕರ್, ಟಿವಿ, ನಾಲ್ಕು ಜನರ ಮಾತು ಎಲ್ಲ ಸೇರಿದ್ರೆ ತಲೆ ಸಿಡಿದ ಹಾಗಾಗುತ್ತೆ, ಅದಕ್ಕೇ ಎದ್ದು ಹೋಗ್ತೀನಿ.' ಇಷ್ಟು ಅವರಿಗೆ ಅರ್ಥವಾದ ಮೇಲೆ ಹೆಸರು ಹೇಳಿ. ಇದು ಹುಟ್ಟಿನಿಂದ ಬಂದದ್ದು, ಮಿದುಳು ಬೆಳೆದಿರುವ ರೀತಿಯೇ ಹಾಗೆ ಅನ್ನಿ.

'ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು?' ಅಂತ ಕೇಳೇ ಕೇಳುತ್ತಾರೆ. ಮೊದಲಿಂದಲೂ ಇತ್ತು, ಯಾರೂ ಗುರುತಿಸಿರಲಿಲ್ಲ ಅಷ್ಟೇ ಅನ್ನಿ. ಇಂಥವನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಕೈಪಿಡಿಯನ್ನು ಇಲ್ಲಿನ ವೈದ್ಯರೂ ಬಳಸುತ್ತಾರೆ. 2013ರವರೆಗೆ ಅದರ ಪ್ರಕಾರ, ಆಟಿಸಂ ಇದ್ದವರಿಗೆ ಎಡಿಎಚ್‌ಡಿಯೂ ಇದೆ ಎಂದು ಹೇಳುವಂತೆಯೇ ಇರಲಿಲ್ಲ. ಅದರಲ್ಲೂ ಹೆಣ್ಣುಮಕ್ಕಳು ಪಕ್ಕದವರನ್ನು ನೋಡಿ ನಗೋದು, ಮಾತಾಡೋದು ಕಲಿತು, ಒಳಗಿನ ಕಷ್ಟ ಮುಚ್ಚಿಟ್ಟು ಬದುಕಿಬಿಡುತ್ತಾರೆ. ನೀವೂ ಹಾಗೇ ಮಾಡಿರುತ್ತೀರಿ, ಅಲ್ವಾ? ಎರಡೂ ಒಟ್ಟಿಗಿದ್ದರಂತೂ ದಣಿವು ಜಾಸ್ತಿ. ಡಬ್ಬಿಗಳೆಲ್ಲ ಅದರದರ ಜಾಗದಲ್ಲೇ ಇರಬೇಕು ಅಂತ ಆಟಿಸಂ ಹಟ ಹಿಡಿಯುತ್ತದೆ, ತೆಗೆದ ಡಬ್ಬಿ ವಾಪಸ್ ಇಡೋದನ್ನೇ ಎಡಿಎಚ್‌ಡಿ ಮರೆಸುತ್ತದೆ.

ನಿಮ್ಮ ಪತಿಯ ಭಯ ಸುಳ್ಳಲ್ಲ. ಆದರೆ ಸುಮ್ಮನಿದ್ದುದರ ಪೆಟ್ಟೆಲ್ಲ ನಿಮಗೇ ಬೀಳುತ್ತಿದೆ, ಇದನ್ನು ಅವರಿಗೆ ನೇರವಾಗಿಯೇ ಹೇಳಿ. ಅಮ್ಮನ ಹತ್ತಿರ ಮಾತಾಡುವಾಗ ಅವರೂ ಜೊತೆಗಿರಲಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಅದಕ್ಕೂ ಮೊದಲೇ ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಅತ್ತೆಯ ಎದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು ಅಂತೇನಿಲ್ಲ. ಮಧ್ಯಾಹ್ನ ಅವರು ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಕೂತು, ನೀವೂ ಒಂದು ಕಟ್ಟು ತಗೊಂಡು ಬಿಡಿಸುತ್ತಾ ಹೇಳಿ.