ಚಿಕ್ಕಮಗಳೂರಿನಲ್ಲಿ ಚಳಿಗಾಲಕ್ಕೆ ಮನೆತೋಟ: ಮೊದಲು ಸುಣ್ಣ, ಆಮೇಲೆ ಗೊಬ್ಬರ

ಚಿಕ್ಕಮಗಳೂರಿನಲ್ಲಿ ಮನೆ ಹಿಂದೆ 10x15 ಅಡಿ ಜಾಗವಿದೆ, ನಾಲ್ಕಾರು ಗುಲಾಬಿ ಇವೆ, ಚಳಿಗಾಲಕ್ಕೆ ಗಿಡಗಳಿಗೆ ಹೊದಿಕೆ ಬೇಕಾ ಎಂದು ಕೇಳಿದ್ದೀರಿ. ಬೇಡ. ನಮ್ಮಲ್ಲಿ ಡಿಸೆಂಬರ್ ರಾತ್ರಿಯೂ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ನಿಜವಾದ ಕೆಲಸ ಇರುವುದು ಮಣ್ಣಿನಲ್ಲಿ. ಮುಂಗಾರು ಸುರಿದು ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಂಥ ಮಣ್ಣಿಗೆ ಎಷ್ಟು ಗೊಬ್ಬರ ಸುರಿದರೂ ಎಲೆಕೋಸು, ಬೀಟ್‌ರೂಟ್, ಬಟಾಣಿ ಏಳುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ಮಳೆ ಬಿಡುವು ಕೊಟ್ಟಾಗ ಅರ್ಧ ಅಡಿ ಅಗೆದು, ನಿಮ್ಮ ಜಾಗಕ್ಕೆ ಸುಮಾರು 3 ಕೆಜಿ ಕೃಷಿ ಸುಣ್ಣ ಎರಚಿ ಬೆರೆಸಿ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 6.5 ದಾಟಿದ್ದರೆ ಸುಣ್ಣ ಬೇಡವೇ ಬೇಡ. ನೀಲಿ ಹೈಡ್ರೇಂಜಿಯ ಇದ್ದರೆ ಅದರ ಬುಡಕ್ಕೂ ಹಾಕಬೇಡಿ, ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗೊಬ್ಬರ ಹಾಕುವುದು ಎರಡು ಮೂರು ವಾರ ಬಿಟ್ಟು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿ ಪಾಲಾಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 30–40 ಕೆಜಿ ಸಾಕು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬರುತ್ತದೆ, ಕ್ಯಾರೆಟ್ ಕವಲೊಡೆಯುತ್ತದೆ.

ಕ್ಯಾರೆಟ್, ಮೂಲಂಗಿ ನೇರ ಬಿತ್ತಿ. ಕೋಸು, ನವಿಲುಕೋಸಿನ ಸಸಿ 25–30 ದಿನದ್ದಾದಾಗ ನೆಡಿ. ಎಲೆಕೋಸಿಗೆ ಒಂದೂವರೆ ಅಡಿ ಅಂತರ ಬೇಕು.

ಗುಲಾಬಿ ಕೊಂಬೆ ಕತ್ತರಿಸುವುದರಲ್ಲಿ ಅವಸರ ಮಾಡಿದವರೇ ಗಿಡ ಕಳೆದುಕೊಳ್ಳುವುದು. ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ ಇನ್ನೂ ಇರುತ್ತದೆ. ಕತ್ತರಿಸಿದ ಗಾಯ ನೆನೆದರೆ ತುದಿಯಿಂದ ಕೆಳಕ್ಕೆ ಕೊಂಬೆ ಕಪ್ಪಾಗಿ ಒಣಗುತ್ತಾ ಬರುತ್ತದೆ. ಎರಡು ಮೂರು ದಿನ ಬಿಸಿಲು ಖಚಿತವಾದ ಮೇಲೆ, ಹೊರಮುಖವಾಗಿರುವ ಕಣ್ಣಿನ (ಚಿಗುರು ಒಡೆಯುವ ಜಾಗ) ಕಾಲಿಂಚು ಮೇಲೆ ಓರೆಯಾಗಿ ಕತ್ತರಿಸಿ. ಒಣಗಿದ್ದು, ಪೆನ್ಸಿಲ್‌ಗಿಂತ ತೆಳ್ಳಗಿನದು ಪೂರ್ತಿ ತೆಗೆಯಿರಿ. ಗಾಯಕ್ಕೆ ಶಿಲೀಂಧ್ರ ತಡೆಯುವ ಬೋರ್ಡೋ ಪೇಸ್ಟ್ ಹಚ್ಚಿ: ಅರ್ಧ ಲೀಟರ್ ನೀರಿನಲ್ಲಿ 100 ಗ್ರಾಂ ಮೈಲುತುತ್ತು (ಕಾಪರ್ ಸಲ್ಫೇಟ್), ಇನ್ನರ್ಧ ಲೀಟರ್‌ನಲ್ಲಿ 100 ಗ್ರಾಂ ಸುಟ್ಟ ಸುಣ್ಣ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ತುತ್ತಿನ ನೀರನ್ನು ಆರಿದ ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಸೇರಿಸಿ. ಅದೇ ದಿನ ಬಳಸಿ ಮುಗಿಸಬೇಕು. ಸರಿಯಾಗಿ ಕತ್ತರಿಸಿದ್ದರೆ 45–50 ದಿನಕ್ಕೆ ಹೂ ಬರುತ್ತದೆ.

ನವೆಂಬರ್ ನಂತರ ಸಂಜೆ ಎಲೆಗೆ ನೀರು ಬೀಳಿಸಬೇಡಿ. ಅದರ ಮೇಲೆ ಇಬ್ಬನಿಯೂ ಬಿದ್ದು ಬೆಳಗಿನವರೆಗೆ ಎಲೆ ಒದ್ದೆಯಾಗಿಯೇ ಉಳಿದರೆ ಗುಲಾಬಿಗೆ ಕಪ್ಪು ಚುಕ್ಕೆ ಗ್ಯಾರಂಟಿ. ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಿ. ಬೂದಿ ರೋಗ ಬೇರೆ. ಒಣ ಹಗಲು, ತಂಪು ರಾತ್ರಿ ಸೇರಿದರೆ ಎಲೆ ಒದ್ದೆಯಾಗದೆಯೂ ಬರುತ್ತದೆ. ಬಿಳಿ ಪುಡಿ ಕಂಡ ಕೂಡಲೇ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಕಲಸಿ ಸಿಂಪಡಿಸಿ, ಸುಡುವ ಬಿಸಿಲಲ್ಲಿ ಬೇಡ.

ಮಣ್ಣಿನ ತೇವ ಉಳಿಸಲು ತರಗೆಲೆ ಎರಡು ಇಂಚು ಹಾಸಿ, ಕಾಂಡಕ್ಕೆ ತಾಗಿಸಬೇಡಿ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ, ಅದನ್ನು ಚೂರು ಮಾಡಿಯೇ ಹಾಕಿ.