ಗುಂಪು ಬಿಟ್ಟುಹೋಗಿದ್ದಕ್ಕೆ ಕಾಲು ಕಾರಣವಲ್ಲ

ಓದುಗರೊಬ್ಬರ ಪತ್ರ (ಸಂಕ್ಷಿಪ್ತವಾಗಿ): ನಾನು ಮಂಡ್ಯದವಳು, 31 ವರ್ಷ. ಎತ್ತರ 157 ಸೆಂ.ಮೀ., ತೂಕ 54 ಕಿಲೋ. ಮೊದಲಿಂದ ಒಂದು ಎಂಟಿಬಿ (ಮಣ್ಣು ದಾರಿಗೆಂದೇ ಇರುವ ಮೌಂಟನ್ ಬೈಕ್ ಸೈಕಲ್) ಇತ್ತು, ಆಮೇಲೆ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ (ರಸ್ತೆ ರೇಸಿನ ಸೈಕಲ್) ಕೊಂಡೆ. 40 ಕಿ.ಮೀ. ರಸ್ತೆ ರೇಸಿನಲ್ಲಿ ಹತ್ತನೇ ಕಿಲೋಮೀಟರಿಗೇ ಗುಂಪು ನನ್ನನ್ನು ಬಿಟ್ಟುಹೋಯಿತು. ಎಂಟಿಬಿ ರೇಸಿನಲ್ಲಿ ಏರಿನಲ್ಲಿ ಮುಂದಿದ್ದೆ, ಇಳಿಜಾರಿನಲ್ಲಿ ಎಲ್ಲರೂ ದಾಟಿಕೊಂಡು ಹೋದರು. ಕೈ ಜೋಮು ಹಿಡಿಯುತ್ತದೆ, ಸೀಟು ಮುಂಭಾಗದಲ್ಲಿ ಉಜ್ಜಿ ಗಾಯವಾಗುತ್ತದೆ. ಒಳಗಾಲಿನ ಅಳತೆ (ತೊಡೆಸಂದಿನಿಂದ ನೆಲದವರೆಗೆ) 72 ಸೆಂ.ಮೀ., ಸೀಟಿನ ಎತ್ತರ 66 ಸೆಂ.ಮೀ., ಟಯರಿಗೆ ಅಂಗಡಿಯಲ್ಲಿ 110 ಪಿಎಸ್ಐ ಗಾಳಿ ಹಾಕುತ್ತಾರೆ. ನನ್ನ ಕಾಲಿಗೆ ಶಕ್ತಿ ಸಾಲದೇ? ಒಂದು ಬಗೆಯ ರೇಸ್ ಬಿಟ್ಟು, ಇನ್ನೊಂದಕ್ಕೆ ಒಳ್ಳೆಯ ಹೊಸ ಸೈಕಲ್ ಕೊಳ್ಳಲೇ? ಬೆಟ್ಟ ಹತ್ತಲು ಹಗುರಾಗಲೆಂದು ರಾತ್ರಿ ಊಟ ಬಿಟ್ಟಿದ್ದೇನೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ, ತುಳಿಯುವವರಿಗೆ ಅದು ಸಹಜ ಅನ್ನುತ್ತಾರೆ, ನಿಜವೇ?

ಸಂಪಾದಕರ ಉತ್ತರ:

ನಮಸ್ಕಾರ. ನೀವು ಕೊನೆಗೆ ಬರೆದದ್ದಕ್ಕೆ ಮೊದಲು ಉತ್ತರ ಹೇಳುತ್ತೇವೆ. ಅದು ಸಹಜವಲ್ಲ. ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ. ಗರ್ಭ, ಥೈರಾಯ್ಡ್, ಪಿಸಿಒಡಿ ಇವನ್ನೆಲ್ಲ ಅವರು ಪರೀಕ್ಷಿಸಿ ನೋಡುತ್ತಾರೆ. ಜೊತೆಗೆ ವಾರಕ್ಕೆ ಎಷ್ಟು ಗಂಟೆ ತುಳಿಯುತ್ತೀರಿ, ರಾತ್ರಿ ಊಟ ಬಿಟ್ಟು ಎಷ್ಟು ದಿನವಾಯಿತು ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ತುಳಿಯಲು ಖರ್ಚಾದ ಮೇಲೆ ಮೈಯ ಉಳಿದ ಕೆಲಸಕ್ಕೆ ಸಾಕಾಗುವಷ್ಟು ಆಹಾರ ಸಿಗದಿದ್ದರೆ, ಮೈ ತಾನಾಗಿ ನಿಲ್ಲಿಸಿಬಿಡುವ ಕೆಲಸಗಳಲ್ಲಿ ಮುಟ್ಟೂ ಒಂದು. ಈಸ್ಟ್ರೋಜನ್ ಇಳಿಯುತ್ತದೆ, ಅದರ ಬೆನ್ನಿಗೇ ಮೂಳೆ ಸವೆಯುತ್ತದೆ. ಸೈಕಲ್ಲಿನಲ್ಲಿ ಮೈಭಾರವನ್ನು ಸೀಟು ಹೊರುವುದರಿಂದ ಓಟದಲ್ಲಿ ಮೂಳೆಗೆ ಸಿಗುವ ನೆಲದ ಪೆಟ್ಟು ಇಲ್ಲಿ ಸಿಗುವುದಿಲ್ಲ, ಹಾಗಾಗಿ ನಷ್ಟ ಇನ್ನೂ ಬೇಗ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟು ಎಚ್ಚರಿಸಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ) ಕೂಡ ನೋಡಿಸಿ. ಮೊದಲನೆಯದು ಸರಿಯಿದ್ದೂ ಎರಡನೆಯದು ತಳ ಕಂಡಿರಬಹುದು, ಆಗ ಏರಿನಲ್ಲಿ ಉಸಿರು ಸಾಲದು. ಊಟ ಇವತ್ತಿನಿಂದಲೇ ಶುರು ಮಾಡಿ. 54 ಕಿಲೋ ಇರುವವರು ಚಾಮುಂಡಿ ಬೆಟ್ಟ ಹತ್ತಲು ತೂಕ ಇಳಿಸಬೇಕಾದ ಪ್ರಮೇಯವೇ ಇಲ್ಲ.

ಇನ್ನು ಕಾಲಿನ ವಿಚಾರ. ಎಂಟಿಬಿ ರೇಸಿನ ಏರಿನಲ್ಲಿ ಮುಂದಿದ್ದೆ ಎಂದು ನೀವೇ ಬರೆದಿದ್ದೀರಿ. ಕಾಲಿನಲ್ಲಿ ಶಕ್ತಿ ಇಲ್ಲದವರು ಏರಿನಲ್ಲಿ ಮುಂದಿರುವುದಿಲ್ಲ. ನೀವು ಕೊಟ್ಟ ಅಳತೆಗಳನ್ನು ನೋಡಿದರೆ, ನಿಮ್ಮ ರೋಡ್ ಬೈಕ್ ಹಿಂದಿನ ಮಾಲೀಕನ ಮೈಗೆ ಹೊಂದಿಸಿದ ಹಾಗೇ ಇದೆ. ಹೊಸದನ್ನು ಕೊಂಡರೂ ಹೊಂದಿಸದಿದ್ದರೆ ಇದೇ ನೋವು ಇದೇ ಜಾಗದಲ್ಲಿ ಬರುತ್ತದೆ.

ಸೀಟಿನ ಎತ್ತರದಿಂದ ಶುರು ಮಾಡಿ. ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ, ಪೆಡಲ್ ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. 72 ಸೆಂ.ಮೀ.ಗೆ ಅದು 63.6. ನಿಮ್ಮದು 66, ಅಂದರೆ ಸುಮಾರು ಎರಡೂವರೆ ಸೆಂ.ಮೀ. ಹೆಚ್ಚು. ಇಷ್ಟು ಎತ್ತರದಲ್ಲಿ ಪೆಡಲ್ ಕೆಳಗೆ ಹೋದಾಗಲೆಲ್ಲ ಸೊಂಟ ಆ ಬದಿಗೆ ಜಾರುತ್ತದೆ, ನಿಮಿಷಕ್ಕೆ 80–90 ಸಲ ಎಡಕ್ಕೂ ಬಲಕ್ಕೂ. ಉಜ್ಜಿ ಗಾಯವಾಗುತ್ತಿರುವುದು ಇದರಿಂದಲೇ ಇರಬೇಕು. ಜಾರದಂತೆ ಮೈಯನ್ನು ಕೈಗಳು ಹಿಡಿದು ನಿಲ್ಲಿಸುವುದರಿಂದ ಅಂಗೈಯ ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುತ್ತವೆ. ಒಂದೇ ಸಲಕ್ಕೆ ಇಳಿಸಬೇಡಿ. ಎರಡು ಮೂರು ಸವಾರಿಗೊಮ್ಮೆ 5 ಮಿ.ಮೀ. ಇಳಿಸಿ, ಸೀಟ್ ಪೋಸ್ಟಿನ ಮೇಲೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಮಂಡಿಯ ಮುಂಭಾಗ ನೋಯತೊಡಗಿದರೆ ಹೆಚ್ಚು ಇಳಿಸಿದ್ದೀರಿ, ಹಿಂಭಾಗ ನೋಯುತ್ತಿದ್ದರೆ ಇನ್ನೂ ಎತ್ತರವಿದೆ.

ಸೀಟಿನ ಅಗಲವನ್ನೂ ಮನೆಯಲ್ಲೇ ಅಳೆಯಬಹುದು. ಗಟ್ಟಿ ಸ್ಟೂಲಿನ ಮೇಲೆ ಸುಕ್ಕು ಪದರವಿರುವ ರಟ್ಟಿನ ತುಂಡು ಇಟ್ಟು ಕೂತು, ಹ್ಯಾಂಡಲ್ ಹಿಡಿದ ಹಾಗೆ ಮುಂದಕ್ಕೆ ಬಾಗಿ, ಅರ್ಧ ನಿಮಿಷ ಹಾಗೇ ಇರಿ. ಎದ್ದು ನೋಡಿದರೆ ಕೂರುವ ಮೂಳೆಗಳ ಎರಡು ತಗ್ಗು ರಟ್ಟಿನಲ್ಲಿ ಕಾಣುತ್ತವೆ. ಬೆಳಕಿಗೆ ಓರೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ತಗ್ಗುಗಳ ನಡುವಿನ ದೂರಕ್ಕೆ 20–25 ಮಿ.ಮೀ. ಸೇರಿಸಿ. 125 ಮಿ.ಮೀ. ಬಂದರೆ 145–150 ಮಿ.ಮೀ. ಅಗಲದ, ನಡುವೆ ಸೀಳು ಬಿಟ್ಟಿರುವ ಸೀಟು ನೋಡಿ. ಮೆತ್ತಗಿರುವುದು ಸುಖ ಎಂದುಕೊಂಡು ಜೆಲ್ ಕವರ್ ಹಾಕಬೇಡಿ, ಮೂಳೆ ಹುದುಗಿ ಭಾರವೆಲ್ಲ ಮೆದು ಮಾಂಸಕ್ಕೆ ಬೀಳುತ್ತದೆ.

ಇದಾದ ಮೇಲೆ ಹ್ಯಾಂಡಲ್. ನಿಮ್ಮ ಭುಜಕ್ಕೆ 36 ಅಥವಾ 38 ಸೆಂ.ಮೀ. ಅಗಲ ಸಾಕು, ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಸಾಮಾನ್ಯವಾಗಿ 42 ಇರುತ್ತದೆ. ಹ್ಯಾಂಡಲ್ ಕೈಗೆ ದೂರವಾದರೆ 100 ಮಿ.ಮೀ. ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಸೇರಿಸುವ ತುಂಡು) ತೆಗೆದು 70 ಅಥವಾ 80 ಹಾಕಿಸಿ. ದೂರ ಕಡಿಮೆಯಾಗಲೆಂದು ಸೀಟನ್ನು ಮುಂದಕ್ಕೆ ತಳ್ಳುವುದು ಮಂಡಿಗೆ ಕೆಟ್ಟದ್ದು. ಕ್ರ್ಯಾಂಕ್ (ಪೆಡಲ್ ಸಿಕ್ಕಿಸಿರುವ ತೋಳು) 165 ಮಿ.ಮೀ. ಇದ್ದರೆ ಒಳ್ಳೆಯದು, ಆದರೆ ಅದು ದುಬಾರಿ, ಕೊನೆಗೆ ನೋಡಿಕೊಳ್ಳಿ. ಬ್ರೇಕ್ ಲಿವರನ್ನು ಕೈಗೆ ಹತ್ತಿರ ತರುವ ಸಣ್ಣ ಸ್ಕ್ರೂ ಅನೇಕ ಲಿವರ್‌ಗಳಲ್ಲಿ ಇರುತ್ತದೆ. ಇದಕ್ಕೆ ಖರ್ಚೇ ಇಲ್ಲ. ನೀವು ಇಳಿಜಾರಿನಲ್ಲಿ ಹಿಂದೆ ಬೀಳುತ್ತಿರುವುದಕ್ಕೆ ಅರ್ಧ ಮದ್ದು ಇಲ್ಲೇ ಇದೆ. ತೋರುಬೆರಳಿನ ಮೊದಲ ಗಿಣ್ಣು ಲಿವರಿನ ಮೇಲೆ ಆರಾಮವಾಗಿ ಮಡಚಬೇಕು, ಅಲ್ಲಿಯವರೆಗೆ ಸ್ಕ್ರೂ ತಿರುಗಿಸಿ. ಎಂಟಿಬಿಯಲ್ಲಾದರೆ ಲಿವರಿನ ಕ್ಲಾಂಪು ಸಡಿಲಿಸಿ ಒಂದೆರಡು ಸೆಂ.ಮೀ. ಒಳಕ್ಕೆ ಸರಿಸಿ, ಬೆರಳು ಲಿವರಿನ ತುದಿಯಲ್ಲಿ ಕೂರುವಂತೆ. ಆಗ ಒಂದೇ ಬೆರಳಿಗೆ ಬ್ರೇಕ್ ಹಿಡಿಯುತ್ತದೆ, ಉಳಿದ ಬೆರಳುಗಳು ಹ್ಯಾಂಡಲ್ ಬಿಡುವುದಿಲ್ಲ. ಎಲ್ಲ ಮುಗಿದ ಮೇಲೆ ಲಿವರ್ ಗಟ್ಟಿಯಾಗಿ ಎಳೆದು, ಹ್ಯಾಂಡಲಿಗೆ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

110 ಪಿಎಸ್ಐ ನಿಮ್ಮ ತೂಕಕ್ಕೆ ಬಹಳ ಹೆಚ್ಚು. ಅಷ್ಟು ಗಾಳಿಯಿದ್ದರೆ ಟಯರು ರಸ್ತೆಗೆ ಕೂರುವುದಿಲ್ಲ, ಪುಟಿಯುತ್ತದೆ. 25 ಮಿ.ಮೀ. ಟಯರಿಗೆ ಮುಂದೆ 70, ಹಿಂದೆ 75ರ ಸುಮಾರಿನಲ್ಲಿ ಶುರು ಮಾಡಿ. ಫ್ರೇಮಿನಲ್ಲಿ ಸುತ್ತಲೂ 4 ಮಿ.ಮೀ. ಜಾಗ ಉಳಿಯುವುದಾದರೆ 28ರ ಟಯರು ಹಾಕಿ 60–65ಕ್ಕೆ ಇಳಿಸಿ, ನಮ್ಮ ರಸ್ತೆಗಳಿಗೆ ಅದೇ ಸರಿ.

ರಸ್ತೆ ರೇಸಿನಲ್ಲಿ ಗುಂಪು ಏಕೆ ಬಿಟ್ಟುಹೋಯಿತು? ಗಂಟೆಗೆ 35 ಕಿ.ಮೀ. ವೇಗದಲ್ಲಿ ನಿಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವರ ಚಕ್ರಕ್ಕೆ ಹತ್ತಿರ ಅಂಟಿಕೊಂಡರೆ ಅದರಲ್ಲಿ ಕಾಲು ಭಾಗ, ಕೆಲವೊಮ್ಮೆ ಮೂರನೇ ಒಂದು ಭಾಗ ಉಳಿಯುತ್ತದೆ. ಬೀಳುವ ಭಯಕ್ಕೆ ಎರಡು ಸೈಕಲ್ ಉದ್ದ ಹಿಂದೆ ಉಳಿದವರಿಗೆ ಈ ಉಳಿತಾಯ ಬಹಳ ಕಡಿಮೆ. ಗುಂಪಿನ ಬಾಲದಲ್ಲಿದ್ದರಂತೂ ಪ್ರತಿ ತಿರುವಿನಲ್ಲೂ ಮುಂದಿನವರಿಗಿಂತ ಹೆಚ್ಚು ಬ್ರೇಕ್ ಹಿಡಿದು, ತಿರುವಾದ ಮೇಲೆ ಹೆಚ್ಚು ಜೋರಾಗಿ ತುಳಿಯಬೇಕು. ಹತ್ತು ತಿರುವು ಹೀಗಾದರೆ ಎಂಥವರೂ ಸುಸ್ತು. ಶುರುವಿನಿಂದಲೇ ಗುಂಪಿನ ಮುಂದಿನ ಮೂರನೇ ಒಂದು ಭಾಗದಲ್ಲಿರಿ.

ಇದಕ್ಕೆ ಇಬ್ಬರು ಗೆಳತಿಯರ ಜೊತೆ ಅಭ್ಯಾಸ ಬೇಕು. ಮೂರು ಅಡಿ ಅಂತರದಲ್ಲಿ ಶುರು ಮಾಡಿ, ವಾರವಾರ ಕಡಿಮೆ ಮಾಡುತ್ತ ಒಂದು ಅಡಿಗೆ ಬನ್ನಿ. ಮುಂದಿನ ಚಕ್ರವನ್ನೇ ದಿಟ್ಟಿಸಬೇಡಿ, ಮುಂದಿನವರ ಭುಜದ ಆಚೆ ನೋಡಿ. ವೇಗ ಇಳಿಸಬೇಕಾದರೆ ಬ್ರೇಕಿಗಿಂತ ಮೊದಲು ಬೆನ್ನು ನೆಟ್ಟಗೆ ಮಾಡಿ, ಗಾಳಿಯೇ ತಡೆಯುತ್ತದೆ. ನಿಮ್ಮ ಮುಂಚಕ್ರ ಇನ್ನೊಬ್ಬರ ಹಿಂಚಕ್ರದ ಪಕ್ಕಕ್ಕೆ ಹೋಗಲೇಕೂಡದು. ಅವರು ಒಂದು ಗೇಣು ಸರಿದರೂ ಬೀಳುವವರು ಹಿಂದಿರುವ ನೀವು. ಗುಂಡಿ, ಹಂಪು, ಗಾಡಿ ಎಂದು ಕೂಗಿ ಹೇಳುವುದು ರೂಢಿಯಾಗಲಿ, ನಮ್ಮ ಹಳ್ಳಿಗಳ ಹಂಪುಗಳಿಗೆ ಬಿಳಿ ಪಟ್ಟೆಯೂ ಇರುವುದಿಲ್ಲ. ಮಂಡ್ಯದಿಂದ ಮೈಸೂರಿನ ದಿಕ್ಕಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ನೈರುತ್ಯ ಮಾರುತ ಎದುರಿಗೇ ಬರುತ್ತದೆ. ಪಾಂಡವಪುರ, ಮೇಲುಕೋಟೆ ಕಡೆಯ ಬಯಲು ರಸ್ತೆಯಲ್ಲಿ ಪಕ್ಕದಿಂದ ಬೀಸಿದಾಗ ಆಸರೆ ಮುಂದಿನವರ ನೇರ ಹಿಂದೆ ಸಿಗುವುದಿಲ್ಲ. ಗಾಳಿ ಎಡದಿಂದ ಬಂದರೆ ಅವರ ಬಲ ಹಿಂಬದಿಯ ಓರೆಯಲ್ಲಿ ಸಿಗುತ್ತದೆ. ಆಗ ಚಕ್ರ ಪಕ್ಕಕ್ಕೆ ಹೋಗದಷ್ಟು ಹಿಂದೆಯೇ ಇರಿ.

ಅಭ್ಯಾಸಕ್ಕೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ ಹೋಗುವಂತಿಲ್ಲ. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳ ಜೊತೆಗೆ ಸೈಕಲ್‌ಗೂ ಅಲ್ಲಿ ನಿಷೇಧ. ಸರ್ವಿಸ್ ರಸ್ತೆಯಲ್ಲಿ ಎದುರುದಿಕ್ಕಿನಿಂದ ಬರುವ ಗಾಡಿಗಳೇ ದೊಡ್ಡ ಅಪಾಯ. ಕಬ್ಬು ಅರೆಯುವ ಕಾಲದಲ್ಲಿ ಬೆಳಗಿನ ಕತ್ತಲಲ್ಲಿ ಹೊರಡಲೇಬೇಡಿ, ಹಿಂದೆ ಕೆಂಪು ದೀಪವಿಲ್ಲದ ಟ್ರೇಲರ್ ನಿಂತಿದ್ದರೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಸುಗ್ಗಿಯಲ್ಲಿ ಇನ್ನೊಂದು ಕಾಟವಿದೆ. ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಗೇ ಹರಡಿರುತ್ತಾರೆ. ಅದರ ಮೇಲೆ ತುಳಿದುಕೊಂಡು ಹೋದರೆ ಹುಲ್ಲು ಚೈನಿನ ಜೊತೆ ಗೇರು ಬದಲಿಸುವ ಹಿಂದಿನ ಡಿರೇಲರಿನ ಸಣ್ಣ ಹಲ್ಲುಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಚೈನು ಸಿಕ್ಕಿಹಾಕಿಕೊಂಡದ್ದು ಗೊತ್ತಾಗದೆ ಇನ್ನೊಂದು ಸುತ್ತು ತುಳಿದರೆ ಡಿರೇಲರ್ ಚಕ್ರದ ಕಡ್ಡಿಗಳೊಳಕ್ಕೆ ಹೋಗಿ, ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಹುಲ್ಲು ಕಂಡರೆ ತುಳಿಯುವುದು ನಿಲ್ಲಿಸಿ, ಬಂದ ವೇಗದಲ್ಲೇ ದಾಟಿ, ದಾಟಲಾಗದಿದ್ದರೆ ಇಳಿದು ಸೈಕಲ್ ಎತ್ತಿಕೊಂಡು ನಡೆಯಿರಿ. ಹ್ಯಾಂಗರ್ ಪ್ರತಿ ಮಾದರಿಗೂ ಬೇರೆ, ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ. ಎರಡೂ ಸೈಕಲ್ಲಿಗೆ ಒಂದೊಂದು ಮುಂಚೆಯೇ ತರಿಸಿಟ್ಟುಕೊಳ್ಳಿ.

ಎಂಟಿಬಿಯ ಇಳಿಜಾರಿಗೆ ಉಳಿದ ಅರ್ಧ ಮದ್ದು ಮುಂಚಕ್ರ ಹಿಡಿದು ಕುಲುಕು ತಡೆಯುವ ಫೋರ್ಕಿನಲ್ಲಿದೆ. ಗಾಳಿಯ ಫೋರ್ಕಾದರೆ ಕೊಳವೆಯ ಮೇಲಿನ ರಬ್ಬರ್ ಉಂಗುರವನ್ನು ಕೆಳಕ್ಕೆ ತಳ್ಳಿ, ಪೂರ್ತಿ ಉಡುಪಿನಲ್ಲಿ ಪೆಡಲ್ ಮೇಲೆ ನಿಂತು, ಪುಟಿಯದೆ ಇಳಿದು ನೋಡಿ. 100 ಮಿ.ಮೀ. ಫೋರ್ಕಿನಲ್ಲಿ ಉಂಗುರ ಸುಮಾರು 20 ಮಿ.ಮೀ. ಮೇಲೆ ಬಂದಿರಬೇಕು. 10 ಬಂದಿದ್ದರೆ ಗಾಳಿ ಹೆಚ್ಚಿದೆ, ಶಾಕ್ ಪಂಪಿನಿಂದ 5 ಪಿಎಸ್ಐನಂತೆ ಇಳಿಸಿ. ಸ್ಪ್ರಿಂಗ್ ಫೋರ್ಕುಗಳು ಬಹುಪಾಲು ಹೆಚ್ಚು ತೂಕದವರಿಗೆಂದು ಬರುತ್ತವೆ, ನಿಮ್ಮ ಭಾರಕ್ಕೆ ಅರ್ಧವೂ ಕೆಲಸ ಮಾಡವು. ನಿಮ್ಮದು ಅಂಥದ್ದಾಗಿದ್ದರೆ ಹಣ ಹಾಕಬೇಕಾದ ಜಾಗ ಇದು, ಹೊಸ ಸೈಕಲ್ ಅಲ್ಲ. ಟ್ಯೂಬಿರುವ 2.2 ಇಂಚಿನ ಟಯರಿಗೆ 24–28 ಪಿಎಸ್ಐ, ಟ್ಯೂಬ್‌ಲೆಸ್ ಆದರೆ 18–22 ಸಾಕು. ಜಾಲಿ ಮುಳ್ಳಿನ ನಮ್ಮ ಊರುಗಳಿಗೆ ಟ್ಯೂಬ್‌ಲೆಸ್ಸೇ ಸರಿ. ಚಕ್ರಕ್ಕೆ 90–100 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ, ಬಿಸಿಲಿಗೆ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಿ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮಣ್ಣು ದಾರಿ ಅಭ್ಯಾಸಕ್ಕೆ ಚೆನ್ನ. ಆದರೆ ನೀರು ಬಿಟ್ಟಿರುವಾಗ ಒಬ್ಬರೇ ಹೋಗಬೇಡಿ, ಅಂಚಿನಿಂದ ದೂರವಿರಿ. ಇಳಿಜಾರಿನಲ್ಲಿ ಬ್ರೇಕ್ ತಿರುವಿಗೆ ಮುಂಚೆ, ತಿರುವಿನೊಳಗೆ ಕೈ ಸಡಿಲ, ಹೊರಗಿನ ಪೆಡಲ್ ಕೆಳಗೆ.

ಚಾಮುಂಡಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್, ಮೈಸೂರಿನಿಂದ ಮುನ್ನೂರು ಮೀಟರಿನಷ್ಟು ಏರು. ವಾರಕ್ಕೊಂದು ದಿನ ಅಲ್ಲಿ ಆರು ನಿಮಿಷದ ನಾಲ್ಕು ಏರು ತುಳಿದು, ನಡುವೆ ನಾಲ್ಕು ನಿಮಿಷ ನಿಧಾನವಾಗಿ ತುಳಿಯಿರಿ. ಮುಂದೆ 34, ಹಿಂದೆ 32 ಅಥವಾ 34 ಹಲ್ಲಿನ ಗೇರಿರಲಿ. ಪೆಡಲ್ ನಿಮಿಷಕ್ಕೆ 60 ಸುತ್ತಿಗಿಂತ ಇಳಿದರೆ ಭಾರ ಮಂಡಿಗೆ ಬೀಳುತ್ತದೆ. ಆಷಾಢ ಶುಕ್ರವಾರ ಆ ಕಡೆ ಹೋಗಬೇಡಿ. ಸಾವಿರ ಮೆಟ್ಟಿಲ ಮೇಲೆ ಎಂಟಿಬಿ ಇಳಿಸುವವರನ್ನು ಕಂಡು ಆಸೆಪಡಬೇಡಿ, ಅದು ಹರಕೆ ಹೊತ್ತು ಹತ್ತುವವರ ದಾರಿ. ಉಳಿದಂತೆ ಒಂದು ದಿನ ನಾಲೆ ಏರಿ, ಒಂದು ದಿನ ಗುಂಪು, ಭಾನುವಾರ ಎರಡೂವರೆ ಗಂಟೆ ಉದ್ದದ ಸವಾರಿ. ಮೂರು ವಾರಕ್ಕೊಮ್ಮೆ ಒಂದು ವಾರ ಅರ್ಧ ಮಾಡಿ. ಇದೆಲ್ಲ ವೈದ್ಯರು ಹೂಂ ಅಂದ ಮೇಲೆ.

ತುಳಿಯುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಒಂದು ಲೀಟರ್ ನೀರಿಗೆ 50 ಗ್ರಾಂ ಮಂಡ್ಯದ ಬೆಲ್ಲ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು ಸೇರಿಸಿ ಸೋಸಿಕೊಳ್ಳಿ, ಜೊತೆಗೆ ಬಾಳೆಹಣ್ಣು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ನಾವು ಕಳೆದುಕೊಳ್ಳುವ ಸೋಡಿಯಂ ಅದರಲ್ಲಿ ಕಡಿಮೆ. ಅದೊಂದನ್ನೇ ನಂಬಬೇಡಿ. ರೇಸಿನ ಬೆಳಗ್ಗೆ ಎರಡೂವರೆ ಗಂಟೆ ಮುಂಚೆ ಇಡ್ಲಿ ತಿನ್ನಿ. ಮುದ್ದೆ ಹಿಂದಿನ ಮಧ್ಯಾಹ್ನಕ್ಕಿರಲಿ, ಅದರ ನಾರು ಬೇಗ ಕರಗುವುದಿಲ್ಲ. ಪ್ಯಾಡ್ ಇರುವ ಶಾರ್ಟ್ಸಿನೊಳಗೆ ಒಳಉಡುಪು ಬೇಡ, ಹೊಲಿಗೆಯೇ ಉಜ್ಜುತ್ತದೆ. ಬಂದ ಕೂಡಲೇ ಕಳಚಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮುಟ್ಟಿನ ದಿನಗಳಲ್ಲಿ ಪ್ಯಾಡಿಗಿಂತ ಮುಟ್ಟಿನ ಕಪ್ (ಮೆನ್‌ಸ್ಟ್ರುವಲ್ ಕಪ್) ಅನುಕೂಲ, ಆದರೆ ರೇಸಿನ ದಿನ ಮೊದಲ ಬಾರಿಗೆ ಬಳಸಬೇಡಿ.

ಎರಡರಲ್ಲಿ ಒಂದನ್ನು ಬಿಡಬೇಕೇ ಎಂದು ಕೇಳಿದ್ದೀರಿ. ಬೇಡ. ಮಣ್ಣಿನಲ್ಲಿ ಕಲಿತ ಸಮತೋಲನ ರಸ್ತೆಯ ಗುಂಪಿನಲ್ಲಿ ಭಯ ಬಿಡಿಸುತ್ತದೆ, ರಸ್ತೆಯಲ್ಲಿ ಕೂಡಿಟ್ಟ ದಮ್ಮು ಎಂಟಿಬಿಯ ಕೊನೆಯ ಸುತ್ತಿನಲ್ಲಿ ಬರುತ್ತದೆ. ಒಲಿಂಪಿಕ್ಸ್‌ನಲ್ಲಿ ಗಂಡಸರ ರಸ್ತೆ ರೇಸ್ 1896ರಲ್ಲೇ ಇತ್ತು, ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1984ರಲ್ಲಿ. ಮೌಂಟನ್ ಬೈಕ್ ಮಾತ್ರ 1996ರಲ್ಲಿ ಸೇರಿದಾಗಲೇ ಇಬ್ಬರಿಗೂ ಸೇರಿತು. ನಮ್ಮ ಕಡೆಯ ರೇಸುಗಳಲ್ಲಿ ಇಂದಿಗೂ ಗಂಡಸರಿಗೆ ವಯಸ್ಸಿನ ಪ್ರಕಾರ ಮೂರು ನಾಲ್ಕು ವಿಭಾಗ ಮಾಡಿ, ಹೆಂಗಸರನ್ನೆಲ್ಲ ಒಂದೇ ವಿಭಾಗಕ್ಕೆ ತುಂಬುವುದುಂಟು. ಇದು ಅನ್ಯಾಯ, ನಾವು ಮತ್ತೆ ಮತ್ತೆ ಬರೆಯುತ್ತೇವೆ. ನೀವೂ ಹೆಸರು ಕೊಡುವ ಮುಂಚೆ ಸಂಘಟಕರನ್ನು ಕೇಳಿ: ಹೆಂಗಸರ ಸ್ಟಾರ್ಟ್ ಬೇರೆಯೇ? ದೂರ ಎಷ್ಟು? ಬಹುಮಾನ ಸಮವೇ? ಎಂಟಿಬಿಯಲ್ಲಿ ಮುಂದಿರುವವರು ಒಂದು ಸುತ್ತು ದಾಟಿದರೆ ನಮ್ಮನ್ನು ಹೊರಗೆ ತೆಗೆಯುತ್ತೀರಾ, ತೆಗೆದರೆ ಫಲಿತಾಂಶದಲ್ಲಿ ಹೆಸರು ಇರುತ್ತದೆಯೇ? ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ? ಶೌಚಾಲಯ ಇದೆಯೇ? ಉತ್ತರವನ್ನು ಫೋನಿನಲ್ಲಿ ಕೇಳಿ ಸುಮ್ಮನಾಗದೆ ಬರಹದಲ್ಲಿ ತರಿಸಿಕೊಂಡು, ಆಮೇಲೆ ಶುಲ್ಕ ಕಟ್ಟಿ.

– ಸಂಪಾದಕರು